ಹರಿಹರದ ಮಾತೆ, ಹಿಮನಾಡಿನ ಅಜ್ಜಿ

ಸೆಪ್ಟೆಂಬರ್ ತಿಂಗಳ ಏಳನೆಯ ತಾರೀಖಿನ ಸಂಜೆ ದಾವಣಗೆರೆಯ ಪಿ.ಬಿ. ರಸ್ತೆಗೆ ಬೇರೆಯದೇ ಕಳೆ ಬಂದಿರುತ್ತದೆ. ಲಾರಿ ಬಸ್ಸುಗಳ ಭರಾಟೆ ಎಂದಿನಂತೆಯೇ ಇದ್ದರೂ ರಸ್ತೆಯ ಅಂಚಿನಲ್ಲಿ ಜನ ಸಾಲುಗಟ್ಟಿ ನಡೆಯುತ್ತಿರುತ್ತಾರೆ. ಕೆಲವರ ಕೈಯಲ್ಲಿ ಜಪಸರ, ಕೆಲವರ ಕೈಯಲ್ಲಿ ಹೂವಿನ ಪೊಟ್ಟಣ, ಮತ್ತೆ ಕೆಲವರ ಹೆಗಲಲ್ಲಿ ನಿದ್ದೆ ಹೋದ ಕೂಸು. ಅವರೆಲ್ಲರ ಮುಖವೂ ಪಶ್ಚಿಮಕ್ಕೆ, ಹದಿನಾಲ್ಕು ಕಿಲೋಮೀಟರು ದೂರದ ಹರಿಹರದ ಕಡೆಗೆ. ಮರುದಿನ ಎಂಟನೆಯ ತಾರೀಖು, ಆರೋಗ್ಯಮಾತೆಯ ಹಬ್ಬ.

ದಾವಣಗೆರೆ ಯಾತ್ರಿಕರ ಊರಲ್ಲ, ವ್ಯಾಪಾರಿಗಳ ಊರು. ಹೈದರಾಲಿಯು ಇದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಿಯಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಕರೆದು ನೆಲೆಗೊಳಿಸಿದುದರಿಂದ ಸಣ್ಣ ಹಳ್ಳಿ ಪೇಟೆಯಾಯಿತೆಂದೂ ಇತಿಹಾಸ ಹೇಳುತ್ತದೆ. ಮುಂದೆ ಹತ್ತಿಯ ಗಿರಣಿಗಳು ಬಂದವು; ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದೂ ಬಂತು. ಇಂದು ಆ ಗಿರಣಿಗಳ ಕೂಗು ಬಹುಮಟ್ಟಿಗೆ ನಿಂತುಹೋಗಿದೆ. ಆದರೆ ಬೆಣ್ಣೆದೋಸೆಯ ಕಾವಲಿಯೂ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಯೂ ಆರಿಲ್ಲ. ಬಹುಕಾಲ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆ, ಹರಿಹರಗಳೆರಡೂ 1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯಾಗಿ ಬೇರ್ಪಟ್ಟವು. ಊರಿನ ದೇವತೆ ದುಗ್ಗಮ್ಮ, ಎಂದರೆ ದುರ್ಗಾಂಬಿಕೆ. ಎರಡು ವರ್ಷಕ್ಕೊಮ್ಮೆ ಅವಳ ಜಾತ್ರೆ ಬಂದಾಗ ಮನೆಮನೆಯಲ್ಲಿ ನೆಂಟರು ತುಂಬುತ್ತಾರೆ. ಈ ಊರಿನವರಿಗೆ ದೇವರೆಂದರೆ ಮೊದಲು ನೆನಪಾಗುವುದು ತಾಯಿಯೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಸೆಪ್ಟೆಂಬರಿನ ಈ ನಡಿಗೆ ಅರ್ಥವಾಗುವುದು ಸುಲಭ.

ನಡೆಯುವವರ ಸಾಲಿನಲ್ಲಿ ಪ್ರತಿವರ್ಷವೂ ಒಂದು ಜೋಡಿ ಕಣ್ಣಿಗೆ ಬೀಳುತ್ತದೆ: ಒಬ್ಬಳು ಅಜ್ಜಿ, ಅವಳ ಬೆರಳು ಹಿಡಿದ ಒಬ್ಬಳು ಮೊಮ್ಮಗಳು. ಹೆಸರು ಬೇರೆ ಬೇರೆ ಇರಬಹುದು, ಬೀದಿ ಬೇರೆ ಇರಬಹುದು. ಜೋಡಿ ಮಾತ್ರ ಅದೇ. ದೊಡ್ಡಬಾತಿಯನ್ನು ದಾಟುವ ಹೊತ್ತಿಗೆ ಹುಡುಗಿಗೆ ಕಾಲು ನೋಯತೊಡಗುತ್ತದೆ.

“ಅಜ್ಜಿ, ಇನ್ನೂ ಎಷ್ಟು ದೂರ ಐತಿ?”

“ಬಂತು ನೋಡವ್ವ. ಎಣಿಸ್ಕೋತ ನಡೆದ್ರೆ ದೂರ, ಹೇಳ್ಕೋತ ನಡೆದ್ರೆ ಹತ್ರ.”

ಹೇಳಬೇಕಾದುದು ಜಪ. ಅಜ್ಜಿಯ ಪಕ್ಕದಲ್ಲಿ ನಡೆಯುವ ನೆರೆಮನೆಯಾಕೆಯ ಹಣೆಯಲ್ಲಿ ವಿಭೂತಿ ಇದೆ. ಮಗನಿಗೆ ಕಾಯಿಲೆಯಾದಾಗ ಹೊತ್ತ ಹರಕೆ ಅವಳದು. ಅವಳಿಗೆ ಜಪ ಬಾರದು. ಅಜ್ಜಿಯ ಜಪ ಮುಗಿದಾಗಲೆಲ್ಲ ‘ತಾಯೀ’ ಎಂದು ಕೈಮುಗಿಯುತ್ತಾಳೆ. ಇವಳು ಆ ಮತದವಳು, ಅವಳು ಈ ಮತದವಳು ಎಂಬ ವಿಚಾರಣೆ ಆ ರಸ್ತೆಯಲ್ಲಿ ನಡೆಯುವುದಿಲ್ಲ. ರಸ್ತೆಯ ಇಕ್ಕೆಲದಲ್ಲಿ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು ಕತ್ತಲೆಯಲ್ಲಿಯೂ ಹಸಿರು ವಾಸನೆಯನ್ನು ಬೀರುತ್ತಿರುತ್ತವೆ.

ಹರಿಹರ ಕೂಡುವ ಊರು. ಇದರ ಹಳೆಯ ಹೆಸರೇ ಕೂಡಲೂರು. ಸೂಳೆಕೆರೆಯಿಂದ ಹೊರಟ ಹರಿದ್ರಾ ನದಿ ತುಂಗಭದ್ರೆಯನ್ನು ಸೇರುವುದು ಇಲ್ಲಿಯೇ. ಆ ತುಂಗಭದ್ರೆಯಾದರೂ ಕೂಡಲಿಯಲ್ಲಿ ತುಂಗೆ ಭದ್ರೆಗಳು ಸೇರಿ ಆದ ಹೊಳೆ. ಊರಿನ ದೇವರೂ ಕೂಡಿ ಆದವನೇ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದ ಗುಹಾಸುರನನ್ನು ಕೊಲ್ಲುವುದಕ್ಕಾಗಿ ಇಬ್ಬರೂ ಒಂದೇ ದೇಹವನ್ನು ತಾಳಿದರೆಂಬುದು ಸ್ಥಳಪುರಾಣ. ಬಲಗಡೆ ತ್ರಿಶೂಲ ಹಿಡಿದ ಹರ, ಎಡಗಡೆ ಚಕ್ರ ಹಿಡಿದ ಹರಿ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ ಎಂಟು ಶತಮಾನಗಳ ಬಿಸಿಲು ಮಳೆಗಳನ್ನು ಕಂಡು ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಲ್ಲಿನ ಕಂಬಗಳ ನುಣುಪಿನಲ್ಲಿ ನೋಡುವವನ ಮುಖವೇ ಮಸುಕಾಗಿ ಮೂಡುತ್ತದೆ.

ದೇವರು ಕೂಡಿಕೊಂಡ ಈ ಊರಿನಲ್ಲಿ ರಾಜ್ಯಗಳು ಮಾತ್ರ ಬಹುಕಾಲ ಬೇರೆಯಾಗಿದ್ದವು. ಹೊಳೆಯ ಈ ದಡ ಮೈಸೂರು ಸಂಸ್ಥಾನ. ಆ ದಡ ಮುಂಬಯಿ ಪ್ರಾಂತ. ಎರಡೂ ದಡದಲ್ಲಿ ಒಂದೇ ಕನ್ನಡ, ಆದರೆ ಎರಡು ಕಚೇರಿ, ಎರಡು ಕಾನೂನು. ಬೆಂಗಳೂರು ಧಾರವಾಡಗಳ ಹೆದ್ದಾರಿಗಾಗಿ 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆಯೊಂದು ಇಲ್ಲಿ ಮುಗಿಯಿತು. ಕಲ್ಲಿನ ಸೇತುವೆ ಕೂಡಿಸಿದುದನ್ನು ರಾಜಕೀಯವು ಕೂಡಿಸಿದ್ದು 1956ರ ನವೆಂಬರ್ 1ರಂದು. 1865ರವರೆಗೆ ಊರಿನ ಸಮೀಪದಲ್ಲಿ ದಂಡೂ ಇತ್ತು. ಸಿಪಾಯಿಗಳು, ವರ್ತಕರು, ಬೋಯಿಗಳು, ಪಾದ್ರಿಗಳು ಎಲ್ಲರೂ ಹಾದುಹೋದ ದಾರಿ ಇದು. ಹೀಗೆ ಹಾದುಹೋದವರಲ್ಲಿ ಕೆಲವರು ಉಳಿದರು. ಬಂದ ನಂಬಿಕೆಗಳಲ್ಲಿಯೂ ಕೆಲವು ಬೇರೂರಿದವು.

ಹಾಗೆ ಬೇರೂರಿದವಳು ಆರೋಗ್ಯಮಾತೆ. ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಈ ದೇವಾಲಯಕ್ಕೆ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಬೆಸಿಲಿಕಾ ಎಂಬ ಗೌರವ ದೊರೆಯಿತು. ಕರ್ನಾಟಕದಲ್ಲಿ ಇದಕ್ಕೆ ಮುನ್ನ ಬೆಂಗಳೂರಿನ ಸಂತ ಮೇರಿಯ ದೇವಾಲಯಕ್ಕೆ 1973ರಲ್ಲಿಯೂ, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೆ 2016ರಲ್ಲಿಯೂ ಆ ಪದವಿ ಸಂದಿತ್ತು. ಹಬ್ಬಕ್ಕೆ ಮುಂಚೆ ಒಂಬತ್ತು ದಿನಗಳ ಪ್ರಾರ್ಥನೆ. ಕೊನೆಯ ದಿನ ಬಲಿಪೂಜೆ, ತೇರು. ಮೇಣದ ಬತ್ತಿಗಳ ಬೆಳಕಿನಲ್ಲಿ ಹೂವಿನಿಂದ ಮುಚ್ಚಿಹೋದ ತಾಯಿಯ ಪ್ರತಿಮೆ, ಕಂಕುಳಲ್ಲಿ ಕಂದ.

ಬೆಸಿಲಿಕಾ ಎಂಬ ಶಬ್ದದ ಅರ್ಥವನ್ನು ಸರದಿಯಲ್ಲಿ ನಿಂತ ಜನರೆಲ್ಲ ಬಲ್ಲರೆಂದಲ್ಲ. ಆರೋಗ್ಯ ಎಂಬ ಶಬ್ದದ ಅರ್ಥವನ್ನು ಮಾತ್ರ ಪ್ರತಿಯೊಬ್ಬರೂ ಬಲ್ಲರು. ಜ್ವರ ಬಿಡದ ಮಗು, ಮಕ್ಕಳಾಗದ ಸೊಸೆ, ಕುಡಿತ ಬಿಡದ ಗಂಡ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ತಂದೆ: ಇಂಥ ಚಿಂತೆಗಳೇ ಜನರನ್ನು ಅಲ್ಲಿಗೆ ನಡೆಸಿಕೊಂಡು ಬರುತ್ತವೆ. ಆರಾಧನೆ ದೇವರಿಗೆ ಮಾತ್ರ, ಮರಿಯಮ್ಮನವರಿಗೆ ಸಲ್ಲುವುದು ಗೌರವ, ಅವರು ನಮಗಾಗಿ ಬೇಡುವವರು ಎಂದು ಗುರುಗಳು ಬೋಧಿಸುತ್ತಾರೆ. ನಡೆದು ಬಂದವಳ ಲೆಕ್ಕ ಇನ್ನೂ ಸರಳ. ಮಗುವಿನ ಕಷ್ಟ ತಾಯಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು?

ಕನ್ನಡ ನಾಡಿನಲ್ಲಿ ರೋಗಕ್ಕೂ ತಾಯಿಗೂ ಇರುವ ನಂಟು ಬಹು ಹಳೆಯದು. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು; ಬೇವಿನ ಸೊಪ್ಪಿನಿಂದ ಅವಳನ್ನು ತಣಿಸುತ್ತಿದ್ದರು. ಮಾರಿಯಮ್ಮನೇ ಬೇನೆಯನ್ನು ತರುವವಳು, ಅವಳೇ ಅದನ್ನು ಹಿಂದಕ್ಕೆ ಕರೆದುಕೊಳ್ಳುವವಳು. ಸಿಡುಬಿಗೆ ಲಸಿಕೆ ಬಂದಾಗಲೂ ಜನ ಅದನ್ನು ‘ದೇವಿ ಹಾಕಿಸುವುದು’ ಎಂದೇ ಕರೆದರು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಸೀಮೆಯಲ್ಲಿ ಈ ದೇವಿ ಹಾಕಿಸುವ ಕೆಲಸಕ್ಕೆ ಮುಂದಾದವರಲ್ಲಿ ಆಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯೂ ಒಬ್ಬ. ಆ ಶತಮಾನದ ಕೊನೆಗೆ, 1898ರಲ್ಲಿ, ಹುಬ್ಬಳ್ಳಿಯ ಕಡೆಯಿಂದ ರೈಲುಹಾದಿಯಗುಂಟ ಬಂದ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಆ ರೈಲುಹಾದಿ ಹರಿಹರ, ದಾವಣಗೆರೆಗಳ ಮೇಲೆಯೇ ಹಾಯುತ್ತದೆ. ಮಹಾಮಾರಿಗಳ ದಾರಿಯಲ್ಲಿ ಬದುಕಿದ ಜನಕ್ಕೆ ಆರೋಗ್ಯವನ್ನೇ ಹೆಸರಿನಲ್ಲಿ ಹೊತ್ತ ತಾಯಿಯೊಬ್ಬಳು ಪರಕೀಯಳಾಗಿ ಕಾಣಲಿಲ್ಲವೆಂದರೆ ಆಶ್ಚರ್ಯವೇನು? ಮಾರಿಯಮ್ಮ, ಮರಿಯಮ್ಮ ಎಂಬ ಎರಡು ಹೆಸರುಗಳ ನಡುವೆ ಇರುವುದು ಒಂದು ದೀರ್ಘ. ತತ್ತ್ವದಲ್ಲಿ ಇಬ್ಬರಿಗೂ ಅಜಗಜಾಂತರವುಂಟು. ಬೇಡುವವಳ ನಾಲಗೆಗೆ ಆ ಅಂತರ ಅಷ್ಟಾಗಿ ತೊಡಕಾಗುವುದಿಲ್ಲ.

ಸೆಪ್ಟೆಂಬರ್ ಎಂಟು ಮರಿಯಮ್ಮನವರು ಹುಟ್ಟಿದ ದಿನ. ವೇಲಾಂಕಣ್ಣಿಯಲ್ಲಿಯೂ ಬೆಂಗಳೂರಿನ ಶಿವಾಜಿನಗರದಲ್ಲಿಯೂ ಅಂದೇ ಹಬ್ಬ. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು ಅದನ್ನೇ ಮೊಂತಿ ಹಬ್ಬವೆಂದು ಕರೆಯುತ್ತಾರೆ. ಮಕ್ಕಳು ಒಂಬತ್ತು ದಿನ ತಾಯಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ತಂದು, ಹೊಸ ಅಕ್ಕಿಯನ್ನು ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಯೆಹೂದ್ಯರ ನಾಡಿನಲ್ಲಿ ಹುಟ್ಟಿದ ಹೆಣ್ಣುಮಗಳ ಜನ್ಮದಿನ ತುಳುನಾಡಿನ ಹೊಸತಿನ ಊಟವೂ ಆಯಿತು.

ಹುಟ್ಟಿದ ದಿನವೆಂದ ಮೇಲೆ ಹೆತ್ತವಳೂ ಇರಬೇಕಷ್ಟೆ. ಮರಿಯಮ್ಮನವರ ತಾಯಿಯ ಹೆಸರು ಸುವಾರ್ತೆಗಳಲ್ಲಿ ಬರುವುದಿಲ್ಲ. ಕ್ರೈಸ್ತರ ಹಳೆಯ ಸಂಪ್ರದಾಯ ಅವಳನ್ನು ಆನ್ ಎಂದು ಕರೆದಿದೆ. ಕನ್ನಡದ ಬಾಯಿಯಲ್ಲಿ ಅವಳು ಸಂತ ಅನ್ನಮ್ಮ. ಯೇಸುವಿಗೆ ಅವಳು ಅಜ್ಜಿ. ಈ ಅಜ್ಜಿಯನ್ನು ಪ್ರಾಣದಂತೆ ಹಚ್ಚಿಕೊಂಡ ಜನಾಂಗವೊಂದು ಹರಿಹರದಿಂದ ಸಹಸ್ರಾರು ಯೋಜನ ದೂರದ ಹಿಮನಾಡಿನಲ್ಲಿದೆ. ಅವರ ಕಥೆಯನ್ನು ಕೇಳಿದರೆ ಹರಿಹರದ ಭಾಗ್ಯವೇನೆಂಬುದು ಇನ್ನಷ್ಟು ಸ್ಪಷ್ಟವಾದೀತು.

ಕೆನಡಾ ದೇಶದ ಈಶಾನ್ಯದ ಮೂಲೆಯಲ್ಲಿ ಕ್ವಿಬೆಕ್ ಮತ್ತು ಲ್ಯಾಬ್ರಡಾರ್ ಎಂಬ ಪ್ರದೇಶಗಳಿವೆ. ಅಲ್ಲಿನ ಆದಿವಾಸಿಗಳು ಇನ್ನು ಜನರು. ಅವರ ಭಾಷೆಯಲ್ಲಿ ‘ಇನ್ನು’ ಎಂದರೆ ಮನುಷ್ಯ. ತಮ್ಮ ನಾಡನ್ನು ಅವರು ‘ನಿತಸ್ಸಿನಾನ್’, ಎಂದರೆ ನಮ್ಮ ನೆಲ, ಎನ್ನುತ್ತಾರೆ. ಹನ್ನೊಂದು ಊರುಗಳಲ್ಲಿ ಹರಡಿರುವ ಅವರ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿದೆ. ಹಿಂದೆ ಅವರಿಗೆ ಊರೆಂಬುದೇ ಇರಲಿಲ್ಲ. ಚಳಿಗಾಲವೆಲ್ಲ ಒಳನಾಡಿನ ಕಾಡಿನಲ್ಲಿ ಗುಡಾರ. ಕಾಲಿಗೆ ಹಿಮದ ಮೇಲೆ ನಡೆಯುವ ಜಾಲರಿಯ ಮೆಟ್ಟು. ಕ್ಯಾರಿಬೂ ಎಂಬ ಹಿಮಸಾರಂಗದ ಬೇಟೆ. ಬೇಸಗೆಯಲ್ಲಿ ಬರ್ಚ್ ಮರದ ತೊಗಟೆಯ ದೋಣಿಗಳನ್ನೇರಿ ನದಿಗಳಗುಂಟ ಕಡಲತೀರಕ್ಕೆ ಇಳಿದುಬರುವುದು.

ಆ ಸಾರಂಗವೇ ಅವರಿಗೆ ಅನ್ನ, ವಸ್ತ್ರ, ಗುಡಾರದ ಹೊದಿಕೆ. ಪ್ರತಿಯೊಂದು ಪ್ರಾಣಿಕುಲಕ್ಕೂ ಒಬ್ಬ ಒಡೆಯನುಂಟು. ಅವನು ಒಲಿದು ಕೊಟ್ಟರೆ ಮಾತ್ರ ಬೇಟೆ ದೊರೆಯುವುದು ಎಂಬುದು ಅವರ ನಂಬಿಕೆ. ಆದಕಾರಣ ತಿಂದ ಮೂಳೆಯನ್ನು ನಾಯಿಗೆ ಎಸೆಯುವಂತಿಲ್ಲ, ಎತ್ತರದಲ್ಲಿ ಜೋಪಾನವಾಗಿಡಬೇಕು. ಬೇಟೆ ಚೆನ್ನಾಗಿ ಆದಾಗ ‘ಮಕುಶಾನ್’ ಎಂಬ ಸಹಪಂಕ್ತಿಯ ಊಟ. ಮೂಳೆಯೊಳಗಿನ ನೆಣವೇ ಅದರ ಪ್ರಸಾದ. ಅನಂತರ ಹಿರಿಯನೊಬ್ಬ ಗುಡಾರದ ಗಳುವಿಗೆ ತೂಗುಬಿಟ್ಟ ‘ತೆವೆಯ್ಕನ್’ ಎಂಬ ತಮಟೆಯನ್ನು ಬಾರಿಸುತ್ತ ಹಾಡುತ್ತಾನೆ. ಮನಸ್ಸಾದವರೆಲ್ಲ ಅದನ್ನು ಮುಟ್ಟುವಂತಿಲ್ಲ. ಕನಸಿನಲ್ಲಿ ಅದು ಮೂರು ಸಲ ಕಾಣಿಸಿಕೊಂಡವನಿಗೆ ಮಾತ್ರ ಬಾರಿಸುವ ಅಧಿಕಾರ.

ಈ ಜನರ ನಡುವೆ 1633ರ ಚಳಿಗಾಲದಲ್ಲಿ ಪಾಲ್ ಲ ಜೂನ್ ಎಂಬ ಯೇಸುಸಭೆಯ ಪಾದ್ರಿ ಬಂದು ಕಾಡು ಅಲೆದ. ಚಳಿ, ಸೆಕೆ, ಹೊಗೆ, ನಾಯಿಗಳು ಎಂಬ ನಾಲ್ಕು ಪೀಡೆಗಳನ್ನು ಅವನು ತನ್ನ ವರದಿಯಲ್ಲಿ ಎಣಿಸಿದ್ದಾನೆ. ಬೋಧಿಸಲು ಬಂದವನು ಮೊದಲು ಅವರ ಭಾಷೆಗೆ ಶಿಷ್ಯನಾಗಬೇಕಾಯಿತು. ಅವನ ತಪ್ಪು ಮಾತುಗಳನ್ನು ಕೇಳಿ ಗುಡಾರದವರು ನಕ್ಕರಂತೆ. ಇತ್ತ ಹದಿನೈದು ವರ್ಷಗಳ ಅಂತರದಲ್ಲಿ ಅದೇ ಯೇಸುಸಭೆಗೆ ಸೇರಿದ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯವನು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮಬೋಧೆಯ ಪುಸ್ತಕವನ್ನು ಬರೆದ. ಒಂದೇ ಕಾಲ, ಒಂದೇ ಸಭೆ. ಒಬ್ಬನಿಗೆ ಹಿಮ, ಇನ್ನೊಬ್ಬನಿಗೆ ಕಾವೇರಿ. ಭಾಷೆಯ ಬಾಗಿಲಿನಿಂದಲ್ಲದೆ ಯಾರ ಮನೆಯೊಳಗೂ ಹೋಗಲಾಗದೆಂಬುದನ್ನು ಇಬ್ಬರೂ ಅರಿತಿದ್ದರು.

ಇನ್ನು ಜನರಲ್ಲಿ ಆ ದಾರಿಯನ್ನು ಇನ್ನೂ ಮುಂದಕ್ಕೊಯ್ದವನು ಜಾನ್ ಬ್ಯಾಪ್ಟಿಸ್ಟ್ ದ ಲ ಬ್ರಾಸ್. 1767ರಲ್ಲಿ ಕ್ವಿಬೆಕ್ ನಗರದಲ್ಲಿ ಅವನು ಅವರ ಭಾಷೆಯಲ್ಲಿಯೇ ಪ್ರಾರ್ಥನೆಯ ಪುಸ್ತಕವನ್ನು ಅಚ್ಚು ಹಾಕಿಸಿದ; ಓದು ಬರಹವನ್ನು ಕಲಿಸಿದ. ಅವನು 1782ರಲ್ಲಿ ತೀರಿಕೊಂಡ ರಾತ್ರಿ ತಾದುಸಾಕ್ ಎಂಬ ತೀರದ ಊರಿನ ಪುಟ್ಟ ದೇವಾಲಯದ ಗಂಟೆ ತಾನೇ ತಾನಾಗಿ ಬಾರಿಸಿತೆಂಬ ದಂತಕಥೆ ಇಂದಿಗೂ ಇದೆ. ಆ ಮರದ ದೇವಾಲಯ ಕಟ್ಟಿದ್ದು 1747ರಲ್ಲಿ. ಅದೂ ಇಂದಿಗೂ ಇದೆ.

ಬೇಸಗೆಯಲ್ಲಿ ತೀರಕ್ಕೆ ಇಳಿದಾಗ ಪಾದ್ರಿಗಳ ಭೇಟಿ. ಆಗಲೇ ಮಕ್ಕಳಿಗೆ ದೀಕ್ಷಾಸ್ನಾನ, ಪ್ರಾಯದವರಿಗೆ ಮದುವೆ. ಸಂತ ಅನ್ನಮ್ಮನ ಹಬ್ಬವಾದರೂ ಬರುವುದು ಜುಲೈ 26ರಂದು, ಬೇಸಗೆಯ ನಡುಮಧ್ಯದಲ್ಲಿ. ಮುದುಕಿಯರನ್ನು ಜ್ಞಾನದ ಬುತ್ತಿಯೆಂದು ಗೌರವಿಸುತ್ತಿದ್ದ ಆ ಜನಕ್ಕೆ ದೇವಪುತ್ರನಿಗೂ ಒಬ್ಬಳು ಅಜ್ಜಿಯಿದ್ದಾಳೆಂಬ ಸಂಗತಿ ಬಹಳ ಹಿಡಿಸಿತು. ಕ್ವಿಬೆಕ್ ನಗರದ ಸಮೀಪದ ಬೊಪ್ರೆಯಲ್ಲಿ 1658ರಿಂದ ಅನ್ನಮ್ಮನ ಕ್ಷೇತ್ರವಿದೆ. ಹಿಂದೆ ದೋಣಿಯಲ್ಲಿ, ಈಗ ಬಸ್ಸು ಕಾರುಗಳಲ್ಲಿ ಇನ್ನು ಕುಟುಂಬಗಳು ಅಲ್ಲಿಗೆ ಯಾತ್ರೆ ಹೋಗುತ್ತವೆ. ಅಜ್ಜಿಯನ್ನು ಅವರು ‘ಕುಕುಮ್’ ಎನ್ನುತ್ತಾರೆ. ದಾವಣಗೆರೆಯ ರಸ್ತೆಯ ಅಜ್ಜಿ ಮೊಮ್ಮಗಳ ಜೋಡಿಯನ್ನು ಅಲ್ಲಿ ನಿಲ್ಲಿಸಿದರೆ ಉಡುಪಿನ ಹೊರತು ಬೇರೆ ವ್ಯತ್ಯಾಸ ಕಾಣಲಾರದು.

ಆದರೆ ಎರಡು ಕಥೆಗಳೂ ಬೇರೆಯಾಗುವುದು ಇಲ್ಲಿಯೇ. ಹರಿಹರದ ಮಾತೆಯ ಬಳಿಗೆ ಹೋಗುವವಳನ್ನು, ನೀನು ನಿನ್ನ ನುಡಿಯನ್ನು ಬಿಟ್ಟು ಬಾ ಎಂದು ಯಾರೂ ಕೇಳಲಿಲ್ಲ. ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆಯೂ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಜನರ ಭಾಷೆಗೆ ಇಳಿದುಬಂತು. ಇನ್ನು ಜನರಿಗಾದರೋ ತಮಟೆಯನ್ನು ಕೆಳಗಿಡಿರೆಂದು ಹಲವು ಪಾದ್ರಿಗಳು ಹೇಳಿದರು. ಕನಸು ಕಾಣುವುದೂ ಹಿರಿಯರ ಹಾಡೂ ಸೈತಾನನ ಕೆಲಸವೆಂದರು. ಜನ ವಿಧೇಯರಾಗಿ ತೀರದಲ್ಲಿ ಜಪ ಮಾಡಿದರು, ಕಾಡಿನೊಳಗೆ ಹೋದಾಗ ತಮಟೆ ಬಾರಿಸಿದರು. ಕಾಡು ಇರುವ ತನಕ ಈ ಎರಡು ಬದುಕೂ ಸಾಗಿತು.

ಇಪ್ಪತ್ತನೆಯ ಶತಮಾನದಲ್ಲಿ ಆ ಕಾಡೇ ಕೈಬಿಡತೊಡಗಿತು. ಗಣಿಗಳು, ಅಣೆಕಟ್ಟುಗಳು, ರೈಲುಹಾದಿಗಳು ಬಂದವು. ಅಲೆಮಾರಿಗಳನ್ನು ಸರಕಾರ ಊರುಗಳಲ್ಲಿ ಕೂಡಿಸಿತು. ಹಾಗೆ 1949ರಲ್ಲಿ ಏರ್ಪಟ್ಟ ಒಂದು ಊರಿನ ಹೆಸರು ಮಾನಿ-ಉತೆನಾಮ್. ‘ಮಾನಿ’ ಎಂದರೆ ಮರಿಯಮ್ಮ, ‘ಉತೆನಾಮ್’ ಎಂದರೆ ಊರು. ಕನ್ನಡದಲ್ಲಿ ಹೇಳುವುದಾದರೆ ಮರಿಯಮ್ಮನಹಳ್ಳಿ. ತಾಯಿಯ ಹೆಸರಿನ ಆ ಊರಿನಲ್ಲಿಯೇ 1952ರಲ್ಲಿ ಒಂದು ವಸತಿಶಾಲೆ ತೆರೆಯಿತು. ದೂರದೂರದ ಗುಡಾರಗಳಿಂದ ಮಕ್ಕಳನ್ನು ತಂದು ಅಲ್ಲಿ ಸೇರಿಸಿದರು. ಹೆತ್ತವರು ಬೇಟೆಯ ಕಾಡಿನಲ್ಲಿ, ಮಕ್ಕಳು ಗೋಡೆಗಳ ನಡುವೆ. ಮನೆಯ ಮಾತನ್ನು ಆಡುವಂತಿಲ್ಲ, ಕಲಿಯಬೇಕಾದುದು ಫ್ರೆಂಚ್. 1971ರವರೆಗೆ ನಡೆದ ಆ ಶಾಲೆಯಿಂದ ಹಿಂದಿರುಗಿದ ಎಷ್ಟೋ ಮಕ್ಕಳಿಗೆ ಅಜ್ಜಿಯೊಡನೆ ಆಡಲು ಮಾತೇ ಉಳಿದಿರಲಿಲ್ಲ. ತಾಯಿಯ ಹೆಸರನ್ನು ಇಟ್ಟವರೇ ತಾಯಿನುಡಿಯನ್ನು ಕಸಿದುಕೊಂಡರೆಂಬುದು ಆ ಜನಾಂಗದ ಎದೆಯ ಗಾಯ. ಕೆನಡಾದ ಉದ್ದಗಲಕ್ಕೂ ಇಂಥ ಶಾಲೆಗಳಿದ್ದವು. ಅಲ್ಲಿ ಮಕ್ಕಳು ಪಟ್ಟ ಪಾಡನ್ನು ಸತ್ಯಶೋಧನ ಮತ್ತು ಸಮನ್ವಯ ಆಯೋಗ 2015ರಲ್ಲಿ ದೇಶದ ಮುಂದಿಟ್ಟಿತು. 2022ರ ಜುಲೈ ತಿಂಗಳಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೆನಡಾಕ್ಕೆ ಹೋಗಿ ಆದಿವಾಸಿಗಳ ಕ್ಷಮೆ ಕೇಳಿದರು. ಜುಲೈ 28ರಂದು ಬೊಪ್ರೆಯ ಅನ್ನಮ್ಮನ ಸನ್ನಿಧಿಯಲ್ಲಿಯೇ ಬಲಿಪೂಜೆ ಅರ್ಪಿಸಿದರು.

ಗಾಯವಾದ ಕಾರಣದಿಂದ ಆ ಜನರೆಲ್ಲ ಅನ್ನಮ್ಮನನ್ನು ತೊರೆದರೇ? ಕೆಲವರು ದೇವಾಲಯದಿಂದ ದೂರವಾದರು. ಅವರ ನೋವನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಉಳಿದವರು ಅಜ್ಜಿಯನ್ನು ಬಿಡಲಿಲ್ಲ. ತಪ್ಪು ಮಾಡಿದವರು ಬೇರೆ, ಅಜ್ಜಿ ಬೇರೆ ಎಂದು ತಿಳಿದರು. ಮಾನಿ-ಉತೆನಾಮಿನ ಇಬ್ಬರು ತರುಣರು, ಫ್ಲೋರಾನ್ ವೊಲ್ಲಾನ್ ಮತ್ತು ಕ್ಲೋಡ್ ಮೆಕೆಂಜಿ, ‘ಕಷ್ಟಿನ್’ ಎಂಬ ಹೆಸರಿನಲ್ಲಿ ಇನ್ನು ಭಾಷೆಯಲ್ಲಿಯೇ ಹಾಡಿ 1989ರಲ್ಲಿ ಧ್ವನಿಮುದ್ರಿಕೆ ಹೊರಡಿಸಿದಾಗ ಕೆನಡಾವೆಲ್ಲ ಕಿವಿಗೊಟ್ಟಿತು. ಮಕ್ಕಳ ಬಾಯಿ ಮುಚ್ಚಿಸಿದ ಊರಿನಿಂದಲೇ ಆ ಮಾತು ಹಾಡಾಗಿ ಹೊರಬಂತು. ತಮಟೆಯೂ ಈಗ ಕದ್ದು ಬಾರಿಸುವ ವಸ್ತುವಾಗಿ ಉಳಿದಿಲ್ಲ.

ನಂಬಿಕೆಯೊಂದು ಹೊರಗಿನಿಂದ ಬಂದಿತೆಂಬ ಮಾತ್ರಕ್ಕೆ ಪರಕೀಯವಾಗಿಯೇ ಉಳಿಯಬೇಕಾಗಿಲ್ಲವೆಂಬುದಕ್ಕೆ ಹರಿಹರವೂ ಸಾಕ್ಷಿ, ಹಿಮನಾಡೂ ಸಾಕ್ಷಿ. ಬಂದ ಬೀಜಕ್ಕೆ ನೆಲದ ನೀರು ಬೇಕು. ಆ ನೀರೆಂದರೆ ಮನೆಯ ಮಾತು, ಮನೆಯ ಹಿರಿಯರು. ನೀರನ್ನು ತಡೆದು ಬೀಜವನ್ನು ಬೆಳೆಸುತ್ತೇವೆಂದು ಹೊರಟಲ್ಲಿ ಏನಾಯಿತೆಂಬುದನ್ನು ಆ ವಸತಿಶಾಲೆಯ ಮಕ್ಕಳು ಬಲ್ಲರು. ಹರಿಹರದಲ್ಲಿ ಯಾರೂ ನೀರನ್ನು ತಡೆಯಲಿಲ್ಲ. ಆದರೆ ತಡೆಯುವವರು ಇಲ್ಲದೆಯೂ ನೀರು ಬತ್ತುವುದುಂಟು. ಈ ಮಾತು ಕ್ರೈಸ್ತರ ಮನೆಗೆ ಮಾತ್ರ ಹೇಳಿದ್ದಲ್ಲ. ಪೇಟೆಯ ಎಲ್ಲ ಮನೆಗಳಿಗೂ ಸಲ್ಲುವಂಥದು.

ಎಂಟನೆಯ ತಾರೀಖಿನ ಬೆಳಗು. ತುಂಗಭದ್ರೆಯ ಮೇಲೆ ತೆಳುವಾದ ಮಂಜು. ಹರಿಹರೇಶ್ವರನ ಗುಡಿಯ ಗಂಟೆಯೂ ಆರೋಗ್ಯಮಾತೆಯ ದೇವಾಲಯದ ಗಂಟೆಯೂ ಒಂದೇ ಊರಿನ ಗಾಳಿಯಲ್ಲಿ ಕೇಳಿಬರುತ್ತವೆ. ರಾತ್ರಿಯೆಲ್ಲ ನಡೆದು ಬಂದವರು ಕಾಲು ಚಾಚಿ ಕುಳಿತಿದ್ದಾರೆ. ಬುತ್ತಿಯ ಗಂಟು ಬಿಚ್ಚಿದೆ. ನೆರೆಮನೆಯಾಕೆ ಹೂವು ಕೊಟ್ಟು ಬಂದು ರೊಟ್ಟಿ ಮುರಿದು ಹಂಚುತ್ತಾಳೆ. ಅಜ್ಜಿ ಮೊಮ್ಮಗಳಿಗೆ ಜಪ ಹೇಳಿಕೊಡಲು ತೊಡಗುತ್ತಾಳೆ. ಹುಡುಗಿ ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸಿಬಿಡುತ್ತಾಳೆ. ಅಜ್ಜಿ ಸುಮ್ಮನೆ ಕೇಳುತ್ತಾಳೆ. ಅವಳಿಗೆ ಒಂದು ಶಬ್ದವೂ ತಿಳಿಯದು.

“ಚೆಂದ ಹೇಳಿದಿ ನನ್ನವ್ವ. ಈಗ ನನ್ನದೊಂದು ಹೇಳು, ನನಗೂ ತಿಳೀಲಿ.”

“ಅದು ನನಗೆ ಅರ್ಧನೇ ಬರ್ತದ, ಅಜ್ಜಿ.”

“ಅರ್ಧ ನೀನು ಹೇಳು, ಉಳಿದರ್ಧ ನಾನು ಹೇಳ್ತೀನಿ.”

ಹುಡುಗಿ ಹೇಳುತ್ತಾಳೆ, ತಡವರಿಸಿದಲ್ಲಿ ಅಜ್ಜಿ ಕೂಡಿಸುತ್ತಾಳೆ. ಮುಗಿದಾಗ ನೆರೆಮನೆಯಾಕೆ ಎಂದಿನಂತೆ ಕೈಮುಗಿದು ‘ತಾಯೀ’ ಎನ್ನುತ್ತಾಳೆ. ಅಷ್ಟರಲ್ಲಿ ತೇರಿನ ಕಡೆಯಿಂದ ಹಾಡು ಏಳುತ್ತದೆ. ಮೂವರೂ ರೊಟ್ಟಿಯ ಗಂಟನ್ನು ಕಟ್ಟಿಕೊಂಡು ಎದ್ದು ಜನರೊಳಗೆ ಸೇರಿಹೋಗುತ್ತಾರೆ.